ಲಿಥಿಯಂ ಸೆಲ್ ಎತ್ತಿಡುವ ಮುನ್ನ ಚಾರ್ಜ್ ಅಳೆಯುವುದು: ನನ್ನ ಅನುಭವ

ಲಿಥಿಯಂ ಸೆಲ್ ಅನ್ನು ಅರ್ಧದಷ್ಟು ತುಂಬಿ ಎತ್ತಿಡಬೇಕು, ಸರಿ; ಆದರೆ ಯಾವ ಸೆಲ್ ಆದರೂ 3.8 ವೋಲ್ಟ್‌ಗೆ ತಂದು ಎತ್ತಿಟ್ಟರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೋಬಾಲ್ಟ್ ಪೌಚ್ (ಚಪ್ಪಟೆ ಚೀಲದಂಥ) ಸೆಲ್‌ನಲ್ಲಿ 3.8 ಎಂದರೆ ಹೆಚ್ಚುಕಡಿಮೆ ಅರ್ಧ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) 18650 ಎಂಬ ಉರುಟು ಸೆಲ್‌ನಲ್ಲಿ ಅದೇ 3.8ಕ್ಕೆ ಶೇ. 60ರಷ್ಟು ತುಂಬಿರುತ್ತದೆ; ಅದರ ಅರ್ಧ 3.7ರ ಆಸುಪಾಸು. ಎಲ್‌ಎಫ್‌ಪಿಯಲ್ಲಂತೂ (ಲಿಥಿಯಂ ಐರನ್ ಫಾಸ್ಫೇಟ್) 3.3ರ ಸುತ್ತ ವೋಲ್ಟೇಜ್ ಗೆರೆ ಎಷ್ಟು ಚಪ್ಪಟೆಯೆಂದರೆ, 20 ಮಿಲಿವೋಲ್ಟ್ ಆಚೀಚೆಯಾದರೂ ಲೆಕ್ಕವೇ ಬುಡಮೇಲು. ಅಗ್ಗದ ಮೀಟರ್‌ನ 20 ವೋಲ್ಟ್ ರೇಂಜ್ 10 ಮಿಲಿವೋಲ್ಟ್‌ಗಿಂತ ಸಣ್ಣದನ್ನು ತೋರಿಸುವುದೇ ಇಲ್ಲ. ಅದರ ಒಳಗಿನ 9 ವೋಲ್ಟ್ ಬ್ಯಾಟರಿ ಸೋತರೆ ರೀಡಿಂಗ್ ಮೇಲಕ್ಕೇರುತ್ತದೆ ಬೇರೆ. ಸೆಲ್‌ಗಳನ್ನು ಜೋಡಿಸಿದ ಒಂದು ಪ್ಯಾಕ್ ಹಾಳಾದರೆ ಹೋಗುವ ದುಡ್ಡಿಗೆ ಒಳ್ಳೆಯ ಮೀಟರ್ ಬರುತ್ತದೆ.

ವೋಲ್ಟೇಜ್ ಒಂದನ್ನೇ ನಂಬಲಾಗದ ಕಾರಣ ನಾನು ಚಾರ್ಜನ್ನೇ ಎಣಿಸಿ ತುಂಬುತ್ತೇನೆ. ಪೂರ್ತಿ ಚಾರ್ಜ್ ಮಾಡಿ, 0.2ಸಿಯಲ್ಲಿ (ಅಂದರೆ ಸುಮಾರು ಐದು ಗಂಟೆಯಲ್ಲಿ ಖಾಲಿಯಾಗುವ ಕರೆಂಟ್‌ನಲ್ಲಿ) ಕಟ್‌ಆಫ್‌ವರೆಗೆ, ಅಂದರೆ ಇಳಿಸಬಹುದಾದ ಕನಿಷ್ಠ ವೋಲ್ಟೇಜ್‌ವರೆಗೆ, ಖಾಲಿ ಮಾಡಿ, ಹೊರಬಂದ ಎಂಎಎಚ್ (ಮಿಲಿಆಂಪ್-ಅವರ್) ಬರೆದುಕೊಂಡು, ಅದರ ಶೇ. 45 ಮಾತ್ರ ವಾಪಸ್. 2500ರ ಹಳೆ ಸೆಲ್ 2200 ಕೊಟ್ಟರೆ ಸುಮಾರು 1000 ಹಾಕಿದರಾಯಿತು. ಲೇಬಲ್ ನಂಬಿ 1125 ಹಾಕಿದರೆ ಅರ್ಧ ದಾಟುತ್ತದೆ. ‘ಒಂದು ಸೈಕಲ್ (ಒಮ್ಮೆ ತುಂಬಿ ಖಾಲಿ ಮಾಡುವುದು) ದಂಡ’ ಎಂದವರುಂಟು. ನೂರಾರು ಸೈಕಲ್ ಬಾಳುವ ಸೆಲ್‌ಗೆ ಒಂದು ಲೆಕ್ಕವೇ? ವರ್ಷ ಕಳೆದು ತೆಗೆದಾಗ ನನ್ನವು ಕಳೆದುಕೊಂಡ ಕೆಪ್ಯಾಸಿಟಿ ಶೇ. 3–4 ಇರಬಹುದು, ಅಷ್ಟೇ. ಈಗ ದಂಡ ಎಂದವರೂ ಇದನ್ನೇ ಮಾಡುತ್ತಿದ್ದಾರೆ.

ಚಾರ್ಜರ್ ಬಿಚ್ಚಿದ ತಕ್ಷಣ ವೋಲ್ಟೇಜ್ ಅಳೆಯಬೇಡಿ, ಅದು ನೆಲೆಗೊಳ್ಳಲಿ. ಎನ್‌ಎಂಸಿಗೆ ಒಂದು ರಾತ್ರಿ, ಎಲ್‌ಎಫ್‌ಪಿಗೆ ಪೂರ್ತಿ ದಿನ ಬಿಟ್ಟು ಮೂರನೇ ದಶಮಾಂಶದವರೆಗೆ ಬರೆದಿಡಿ. ಎರಡು ವಾರದ ನಂತರ ಅದೇ ಉಷ್ಣಾಂಶದಲ್ಲಿ, ಅದೇ ಮೀಟರ್‌ನಲ್ಲಿ ಮತ್ತೊಮ್ಮೆ. ಒಳ್ಳೆಯ ಸೆಲ್ ಕೆಲವೇ ಮಿಲಿವೋಲ್ಟ್ ಇಳಿಯುತ್ತದೆ. ಜೊತೆಯವು ನಿಂತಲ್ಲೇ ನಿಂತಿರುವಾಗ ಒಂದು ಮಾತ್ರ 10ಕ್ಕಿಂತ ಹೆಚ್ಚು ಜಾರಿದರೆ ಅದರೊಳಗೆ ಸೋರಿಕೆಯಿದೆ, ಪ್ಯಾಕ್‌ಗೆ ಸೇರಿಸಬೇಡಿ. 

ಪ್ಯಾಕ್‌ನ ಒಟ್ಟು ವೋಲ್ಟೇಜ್ ಭಾಗಿಸಿ ಸಮಾಧಾನಪಡಬೇಡಿ. ಪ್ರತಿ ಸೆಲ್ ಗುಂಪಿನ ತಂತಿ ಹೊರಬರುವ ಬ್ಯಾಲೆನ್ಸ್ ಕನೆಕ್ಟರ್‌ನಲ್ಲಿ ಒಂದೊಂದು ಗುಂಪನ್ನೂ ನೋಡಬೇಕು. ಅಲ್ಲಿ ಪಿನ್‌ಗಳ ನಡುವೆ ಎರಡೂವರೆ ಮಿಲಿಮೀಟರ್ ಇದ್ದರೆ ಹೆಚ್ಚು. ಪ್ರೋಬ್ ಸ್ವಲ್ಪ ವಾಲಿದರೂ ಪಕ್ಕದ ಪಿನ್‌ಗೆ ತಗುಲಿ ಶಾರ್ಟ್. ಮೊನೆಯ ಒಂದು ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆಲ್ಲ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ತೊಡಿಸಿದ ಪ್ರೋಬ್ ಬಳಸಿ.

ಇಷ್ಟೆಲ್ಲ ಮಾಡಿಯೂ ಪ್ಯಾಕ್ ಸಾಯುವುದು ಹೆಚ್ಚಾಗಿ ಬಿಎಂಎಸ್‌ನಿಂದ, ಅಂದರೆ ಪ್ಯಾಕ್ ಕಾಯುವ ಸರ್ಕ್ಯೂಟ್ ಬೋರ್ಡ್‌ನಿಂದ. ಬ್ಲೂಟೂತ್ ಇರುವುದು 10 ಮಿಲಿಆಂಪ್ ಎಳೆದರೂ ತಿಂಗಳಿಗೆ 7 ಆಂಪ್-ಅವರ್ ಖಾಲಿ. ಬಿಎಂಎಸ್‌ನ ಕಟ್‌ಆಫ್ ಹೊರಗಿನ ಲೋಡನ್ನು ಬಿಡಿಸುತ್ತದೆ, ಬಿಎಂಎಸ್‌ನ ಸ್ವಂತ ಖರ್ಚನ್ನಲ್ಲ. ಸಾಧ್ಯವಿದ್ದರೆ ಅದು ಸೆಲ್‌ಗಳ ವೋಲ್ಟೇಜ್ ನೋಡುವ ಸೆನ್ಸ್ ಕನೆಕ್ಟರ್ ಬಿಚ್ಚಿಡಿ. ಒಂದು ವೋಲ್ಟ್‌ಗೂ ಕೆಳಗಿಳಿದು ವಾರಗಟ್ಟಲೆ ಕೂತ ಸೆಲ್‌ನಲ್ಲಿ ಆನೋಡ್‌ನ ತಾಮ್ರ ಕರಗಿರುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಆ ತಾಮ್ರವೇ ಒಳಗೆ ಶಾರ್ಟ್ ಮಾಡಬಲ್ಲದು.

ಸೆಲ್‌ಗಳನ್ನು ಫ್ರಿಜ್‌ನಲ್ಲಿಡುವ ಪ್ರಯೋಗವೂ ಆಯಿತು. ಸವಕಳಿ ಇನ್ನಷ್ಟು ಕಡಿಮೆ, ನಿಜ. ಆದರೆ ಸಿಲಿಕಾ ಜೆಲ್ ಹಾಕಿ ಸೀಲ್ ಮಾಡಬೇಕು, ಕೋಣೆಯ ಉಷ್ಣಾಂಶಕ್ಕೆ ಬರುವ ತನಕ ಚೀಲ ಬಿಚ್ಚುವಂತಿಲ್ಲ, ಇಲ್ಲದಿದ್ದರೆ ಟರ್ಮಿನಲ್ ಮೇಲೆ ನೀರು. ತಂಪು ಕೋಣೆ ಇದ್ದರೆ ಈ ತಾಪತ್ರಯ ಬೇಡ.

ಆರು ತಿಂಗಳಿಗೊಮ್ಮೆ ಮೀಟರ್ ಹಿಡಿಯುತ್ತೇನೆ. ಎನ್‌ಎಂಸಿ 3.5ಕ್ಕೆ ಇಳಿದಿದ್ದರೆ ಮತ್ತೆ ಎಣಿಸಿ ತುಂಬುತ್ತೇನೆ.