ಮೈಸೂರಿನಲ್ಲಿ ಸೇಬಿನ ಗಿಡವನ್ನು ಮಲಗಿಸುವುದು ಹೇಗೆ?

ಚಳಿಗೆ ಜಗ್ಗದ, ಬೇಗ ಹಣ್ಣಾಗುವ ಹಳೇ ಸೇಬಿನ ತಳಿಗಳಲ್ಲಿ ಯೆಲ್ಲೋ ಟ್ರಾನ್ಸ್‌ಪರೆಂಟ್ ಹೆಸರುವಾಸಿ. ಬಾಲ್ಟಿಕ್ ಸೀಮೆಯದು, 1870ರಲ್ಲಿ ಅಮೆರಿಕಕ್ಕೆ ಹೋಯಿತು. ಹಿಮ ಬೀಳುವ ಊರಲ್ಲೂ ಜುಲೈಗೆಲ್ಲ ಹಣ್ಣು. ಅದನ್ನೇ ನಮ್ಮ ಹಿತ್ತಲಲ್ಲಿ ನೆಟ್ಟರೆ? ಬರೀ ಎಲೆ. ಅಂಥ ತಳಿಗಳು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ನೂರಾರು ಗಂಟೆ ಮಲಗಿ ಎದ್ದರೇನೇ ಹೂ ಬಿಡುವುದು. ನಮ್ಮ ಡಿಸೆಂಬರ್ ರಾತ್ರಿ 16 ಡಿಗ್ರಿ ಆಸುಪಾಸು. ಗಿಡಕ್ಕೆ ಅದು ನಿದ್ದೆಯಲ್ಲ, ತೂಕಡಿಕೆ.

ಹಾಗಾಗಿ ಕಡಿಮೆ ಚಳಿ ಸಾಕೆನ್ನುವ ತಳಿ ಹುಡುಕಿ. ಇಸ್ರೇಲಿನ ‘ಅನ್ನಾ’ ಅಂಥದ್ದು (ಮಂಡ್ಯದವರಿಗೆ ಹೆಸರು ಮರೆಯುವುದಿಲ್ಲ ಬಿಡಿ). ಅದಕ್ಕೆ ಪರಾಗ ಕೊಡಲು ಪಕ್ಕದಲ್ಲಿ ಬಹಾಮಾಸ್ ಮೂಲದ ಡಾರ್ಸೆಟ್ ಗೋಲ್ಡನ್ ಇರಲಿ. ಒಂದೇ ಗಿಡಕ್ಕೆ ಜಾಗ ಇದ್ದರೆ ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99 ಸಾಕು. ಯಾವುದಾದರೂ ಕಸಿ ಗಿಡವನ್ನೇ ತನ್ನಿ. ನಾನು ಮೊದಲು ತಂದಿದ್ದು ಬೀಜದ ಗಿಡ. ನಾಲ್ಕು ವರ್ಷ ಸುಮ್ನೆ ನೀರು ಹಾಕಿದೆ.

ಡಿಸೆಂಬರ್–ಜನವರಿಯಲ್ಲಿ ನೆಡಿ. ಎರಡು ಅಡಿ ಗುಂಡಿ, ಕೊಳೆತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ಮೈಸೂರಿನ ಕೆಂಪು ಮಣ್ಣಿನಲ್ಲಿ ನೀರು ಬಸಿಯುತ್ತದೆ, ಚಿಂತೆಯಿಲ್ಲ. ಮಂಡ್ಯದ ನಾಲೆ ಬಯಲಲ್ಲಿ ಮಾತ್ರ ಒಂದೂವರೆ ಅಡಿ ದಿಬ್ಬ ಮಾಡಿ ನೆಡಿ. ಭತ್ತದ ಗದ್ದೆ ಪಕ್ಕದ ತೇವಕ್ಕೆ ಬೇರು ಕೊಳೆಯುತ್ತದೆ. ಗಿಡವನ್ನು ಮೊಣಕಾಲಿಗಿಂತ ತುಸು ಮೇಲೆ ಕತ್ತರಿಸಿ, ನಾಲ್ಕು ಕೊಂಬೆ ಬಿಡಿ. ನೆಟ್ಟಗೆ ಏಳುವ ಕೊಂಬೆಗೆ ಕಲ್ಲು ಕಟ್ಟಿ ಬಗ್ಗಿಸಿ. ಅಡ್ಡ ಮಲಗಿದ ಕೊಂಬೆಯಲ್ಲೇ ಹೂ ಜಾಸ್ತಿ.

ಇನ್ನು ಮಲಗಿಸುವ ಕೆಲಸ. ಇದನ್ನು ಜಾವಾ ದ್ವೀಪದ ಬಾಟು ಊರಿನ ರೈತರಿಂದ ಕಲಿಯಬೇಕು. ಅಲ್ಲಿ ಚಳಿಗಾಲವೇ ಇಲ್ಲ. ಆದರೂ ಅಮೆರಿಕದ ಹಳೇ ತಳಿ ರೋಮ್ ಬ್ಯೂಟಿಯಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಗುಟ್ಟು ಇಷ್ಟೇ: ಕೊಯ್ಲಾದ ಮೇಲೆ ಎಲೆಯೆಲ್ಲ ಕೈಯಿಂದಲೇ ಕೀಳುವುದು. ನಮ್ಮಲ್ಲಿ ಹಿಂಗಾರು ನಿಂತ ಮೇಲೆ, ನವೆಂಬರ್ ಕೊನೆಯಲ್ಲಿ, ಎರಡು ವಾರ ನೀರು ಕಡಿಮೆ ಮಾಡಿ. ಆಮೇಲೆ ಒಂದೊಂದೇ ಎಲೆಯನ್ನು ಹಿಂದಕ್ಕೆ ಬಗ್ಗಿಸಿ ಕೀಳಿ. ತೊಟ್ಟಿನ ಬುಡದ ಮೊಗ್ಗಿಗೆ ಉಗುರು ತಾಗಬಾರದು. ಮರಿ ಗಿಡಕ್ಕೆ ಈ ಶಿಕ್ಷೆ ಬೇಡ, ಎರಡು ವರ್ಷ ತುಂಬಲಿ. ಬೋಳು ಗಿಡ ನೋಡಿ ಮನೆಯವರು ಬೈಯುತ್ತಾರೆ, ಬೈಯಲಿ. ಕತ್ತರಿಸುವುದನ್ನು ಮುಗಿಸಿ, ಗೊಬ್ಬರ ಕೊಟ್ಟು, ಚೆನ್ನಾಗಿ ನೀರು ಹಾಯಿಸಿ. ಕೆಲವು ವಾರಗಳಲ್ಲಿ ಮೊಗ್ಗು ಒಡೆಯುತ್ತದೆ.

ಗೊಂಚಲಿಗೆ ಒಂದೇ ಕಾಯಿ ಬಿಡಿ. ಕೊಂಬೆಯ ಮೇಲೆ ಹತ್ತಿ ಅಂಟಿದಂತೆ ಬಿಳಿ ಹೇನು ಕಂಡರೆ ಬೇವಿನೆಣ್ಣೆ ಸಿಂಪಡಿಸಿ. ಕಾಯಿ ನಿಂಬೆ ಗಾತ್ರ ಆದಾಗ ಬಟ್ಟೆ ಚೀಲ ಕಟ್ಟಿ, ಇಲ್ಲದಿದ್ದರೆ ಗಿಳಿ, ಬಾವಲಿಗಳ ಪಾಲು. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಮನೆ ಇರುವವರಿಗೆ ಕೋತಿ ಕಾಟ ಬೇರೆ, ಅದಕ್ಕೆ ಚೀಲ ಸಾಲದು.

ಎಲ್ಲ ಸರಿಹೋದರೆ ಬಾದಾಮಿ ಮಾವು ಬರುವ ಹೊತ್ತಿಗೇ ಇದೂ ಹಣ್ಣಾಗುತ್ತದೆ. ಬೇಗ ಹಣ್ಣಾಗುವ ಸೇಬು ಜಾಸ್ತಿ ದಿನ ಇಟ್ಟರೆ ಹಿಟ್ಟು ಹಿಟ್ಟಾಗುತ್ತದೆ. ಕಿತ್ತ ವಾರದೊಳಗೆ ತಿಂದುಬಿಡಿ.