ಮರಳುಗಾಡಿನಲ್ಲಿ ನಕ್ಷತ್ರಗಳ ಫೋಟೋ: ನಾನು ಮಾಡುವ ರೀತಿ

ನಕ್ಷತ್ರಗಳ ಫೋಟೋಗಾಗಿ ನಾನು ಮರಳುಗಾಡಿಗೆ ಹೋಗುವುದು ಅಮಾವಾಸ್ಯೆಯ ಆಸುಪಾಸಿನಲ್ಲೇ. ಅಲ್ಲಿ ಗಾಳಿ ಒಣ, ಊರಿನ ದೀಪಗಳು ದೂರ. ಚಂದ್ರನೂ ಇಲ್ಲದಿದ್ದರೆ ಆಕಾಶದ ಬಗ್ಗೆ ಚಿಂತೆಯೇ ಇಲ್ಲ. ಕಷ್ಟ ಕೊಡುವುದು ನೆಲ. ಅದಕ್ಕೇ ಮುಕ್ಕಾಲು ಕೆಲಸವನ್ನು ಬೆಳಕಿರುವಾಗಲೇ ಮುಗಿಸುತ್ತೇನೆ.

ಮೇ, ಜೂನ್ ತಿಂಗಳಲ್ಲಿ ಉತ್ತರಾರ್ಧ ಗೋಳದಲ್ಲಿ ಆಕಾಶಗಂಗೆಯ ದಟ್ಟ ಭಾಗ ಆಗ್ನೇಯದಲ್ಲಿ ಏಳುತ್ತದೆ, ವೃಶ್ಚಿಕ ಮತ್ತು ಧನು ರಾಶಿಗಳ ಹತ್ತಿರ. ದಿಕ್ಸೂಚಿ ನೋಡಿ ಆ ಕಡೆಗಿರುವ ಒಂದು ಒಳ್ಳೆ ದಿಬ್ಬ ಹುಡುಕುತ್ತೇನೆ. ಫ್ರೇಮ್‌ಗೆ ಬರುವ ಮರಳಿನ ಮೇಲೆ ಕಾಲಿಡುವುದಿಲ್ಲ, ಎಷ್ಟು ದೂರವಾದರೂ ಸುತ್ತಿಕೊಂಡು ಹಿಂದಿನಿಂದಲೇ ಬರುತ್ತೇನೆ. ಆ ಸಣ್ಣ ಸಣ್ಣ ಅಲೆಗಳ ಮೇಲೆ ಹೆಜ್ಜೆ ಮೂಡಿತೋ, ಮತ್ತೆ ಗಾಳಿ ಬೀಸುವವರೆಗೂ ಅಳಿಯುವುದಿಲ್ಲ.

ಟ್ರೈಪಾಡನ್ನು ಸುಮ್ನೆ ಮರಳ ಮೇಲೆ ಇಟ್ಟರೆ ನಿಧಾನಕ್ಕೆ ಕುಸಿಯುತ್ತದೆ. ಒಂದೊಂದು ಕಾಲನ್ನೂ ತಿರುಗಿಸುತ್ತಾ ಒತ್ತುತ್ತೇನೆ, ಮೇಲಿನ ಸಡಿಲ ಮರಳು ದಾಟಿ ಗಟ್ಟಿ ತಗಲುವವರೆಗೆ. ಶಟರ್ ತೆರೆದಿರುವಾಗ ಪಕ್ಕದಲ್ಲಿ ಓಡಾಡುವುದೂ ಇಲ್ಲ. ನಮ್ಮ ಭಾರಕ್ಕೇ ಮರಳು ಜರುಗುತ್ತೆ.

ಸೂರ್ಯ ಮುಳುಗಿದ ಮೇಲೆ ಉಳಿಯುವ ನೀಲಿ ಬೆಳಕಿನಲ್ಲಿ ದಿಬ್ಬಕ್ಕೆ ಫೋಕಸ್ ಮಾಡಿ ಒಂದು ಫೋಟೋ ತೆಗೆದಿಡುತ್ತೇನೆ. ಆಮೇಲೆ ಕ್ಯಾಮೆರಾ ಕದಲಿಸುವುದಿಲ್ಲ. ರಾತ್ರಿಯ ಆಕಾಶವನ್ನು ಇದರ ಜೊತೆಗೆ ಕಂಪ್ಯೂಟರಿನಲ್ಲಿ ಸೇರಿಸುತ್ತೇನೆ. ಎಲ್ಲಿಯದೋ ಆಕಾಶ ತಂದು ಅಂಟಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಫೋಕಸ್‌ಗೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಲೆನ್ಸ್ ಮೇಲಿನ ಇನ್ಫಿನಿಟಿ (ಬಹುದೂರದ ವಸ್ತುಗಳ ಫೋಕಸ್) ಗುರುತನ್ನು ನಾನು ನಂಬುವುದಿಲ್ಲ. ಮ್ಯಾನುಯಲ್‌ಗೆ ಹಾಕಿ, ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಪರದೆಯ ನೇರ ದೃಶ್ಯದಲ್ಲಿ, ಕೆಂಪಗೆ ಹೊಳೆಯುವ ಜ್ಯೇಷ್ಠಾ ನಕ್ಷತ್ರವನ್ನು 10 ಪಟ್ಟು ದೊಡ್ಡದು ಮಾಡಿಕೊಳ್ಳುತ್ತೇನೆ. ಅದು ಫ್ರೇಮ್‌ನಲ್ಲೇ ಸಿಗುವುದರಿಂದ ಕ್ಯಾಮೆರಾ ತಿರುಗಿಸುವ ಗೋಜಿಲ್ಲ. ರಿಂಗ್ ಕೂದಲೆಳೆಯಷ್ಟು ತಿರುಗಿಸಿದರೂ ಚುಕ್ಕಿ ಕುಗ್ಗುತ್ತದೆ, ಇನ್ನೂ ತಿರುಗಿಸಿದರೆ ಮತ್ತೆ ಊದುತ್ತದೆ. ತೀರಾ ಚಿಕ್ಕದಾಗುವಲ್ಲಿ ನಿಲ್ಲಿಸಿ ಟೇಪ್ ಅಂಟಿಸುತ್ತೇನೆ. ಮಧ್ಯರಾತ್ರಿ ಚಳಿ ಏರಿದಾಗ ಇನ್ನೊಮ್ಮೆ ನೋಡಲೇಬೇಕು. ಲೆನ್ಸ್ ತಣ್ಣಗಾದಂತೆ ಫೋಕಸ್ ಸ್ವಲ್ಪ ಬದಲಾಗುತ್ತದೆ.

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 20 ಮಿ.ಮೀ. ಲೆನ್ಸ್, ಎಫ್/2.8 (ಲೆನ್ಸ್ ತೆರೆಯುವ ಅಳತೆ), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). 500 ಅನ್ನು ಲೆನ್ಸಿನ ಮಿ.ಮೀ., ಅಂದರೆ 20ರಿಂದ ಭಾಗಿಸಿ ಶಟರನ್ನು 25 ಸೆಕೆಂಡ್ ತೆರೆದಿಡಬಹುದು ಅಂತ ಒಂದು ಹಳೆಯ ಲೆಕ್ಕವಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತಲೇ ಇರುತ್ತದೆ ಅಲ್ವಾ? ಈಗಿನ ಸೆನ್ಸರ್‌ಗಳಲ್ಲಿ 25 ಸೆಕೆಂಡಿಗೆ ಚುಕ್ಕಿಗಳು ಗೆರೆಯಾಗಿ ಕಾಣುತ್ತವೆ. ನಾನು 15 ದಾಟುವುದಿಲ್ಲ. ಕತ್ತಲಲ್ಲಿ ಕ್ಯಾಮೆರಾ ಪರದೆ ಎಲ್ಲವನ್ನೂ ಬೆಳ್ಳಗೆ ತೋರಿಸುತ್ತದೆ, ಅದರ ಬದಲು ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿ.

ರಾತ್ರಿಯಿಡೀ ಲೆನ್ಸ್ ಬಿಚ್ಚುವುದಿಲ್ಲ. ಬೆಳಿಗ್ಗೆ ಒರೆಸುವ ಮುಂಚೆ ಬ್ಲೋವರ್‌ನಿಂದ ಚೆನ್ನಾಗಿ ಗಾಳಿ ಹೊಡೆಯುತ್ತೇನೆ. ಮರಳಿನ ಕಣ ಇರುವಾಗಲೇ ಬಟ್ಟೆ ಆಡಿಸಿದರೆ ಗಾಜಿನ ಮೇಲೆ ಗೀರು ಗ್ಯಾರಂಟಿ.