ಗ್ಲೇಜ್ ಹಚ್ಚದೆ ಹೊಳೆದ ನೈದಿಲೆ ಎಸಳು

"ಗ್ಲೇಜ್ ಹಚ್ಚದೆ ಮಣಿ ಹೊಳೆಯುತ್ತಾ? ಸುಮ್ನೆ ಕರೆಂಟ್ ಬಿಲ್ ಏರಿಸ್ತಿದ್ದೀಯ" ಅಂತ ಜೊತೆಯ ಕುಂಬಾರ ಗೆಳೆಯರು ನಕ್ಕಿದ್ದರು. ಈಗ ನನ್ನ ಮೇಜಿನ ಮೇಲೆ ನಲವತ್ತು ಚಿಲ್ಲರೆ ನೀಲಿ ಎಸಳುಗಳಿವೆ. ಒಂದಕ್ಕೂ ಗ್ಲೇಜ್, ಅಂದರೆ ಮೇಲೆ ಬಳಿಯೋ ಗಾಜಿನಂಥ ಲೇಪ, ಮುಟ್ಟಿಸಿಲ್ಲ.

ನಾನು ಹೊರಟಿದ್ದು ಈಜಿಪ್ಟಿನ ಅಮರ್ನಾದ ಹೂವಿನ ಕಂಠಹಾರ ಮಾಡೋಕೆ. ಕ್ರಿ.ಪೂ. 1350ರ ಆಸುಪಾಸಿನದು, ಫೇಯನ್ಸ್‌ನದು. ಫೇಯನ್ಸ್ ಅಂದರೆ ಕ್ವಾರ್ಟ್ಜ್ (ಬೆಣಚುಕಲ್ಲು) ಪುಡಿ, ಸೋಡಾ, ನೀಲಿಗೆ ತಾಮ್ರ ಕಲಸಿದ ಮುದ್ದೆ. ಒಣಗುವಾಗ ಸೋಡಾದ ಉಪ್ಪು ಮೇಲೆ ಬಂದು ಕಟ್ಟುತ್ತೆ, ಸುಟ್ಟಾಗ ಅದೇ ಕರಗಿ ಗಾಜಿನ ಹೊಳಪಾಗುತ್ತೆ. ಹಾರದ ಹೂವನ್ನು ಎಲ್ಲರೂ ಲೋಟಸ್ ಅಂತಾರೆ, ಆದರೆ ಅದು ನಮ್ಮ ತಾವರೆ ಅಲ್ಲ, ನೈದಿಲೆ. ಎಸಳಿನ ತುದಿ ಚೂಪು. ಇದು ಗೊತ್ತಾಗೋ ಮೊದಲು ದುಂಡು ಎಸಳಿನ ಹನ್ನೆರಡು ಅಚ್ಚು ಮಾಡಿ ಎಸೆದೆ.

ಮೊದಲು ಪ್ಲಾಸ್ಟರ್ ಅಚ್ಚು. ಅದು ನೀರಿನ ಜೊತೆ ಸೋಡಾವನ್ನೂ ಹೀರಿತು, ಎಸಳು ಬೋಳಾಗಿ ಬಂತು. ಅಮರ್ನಾದಲ್ಲಿ 1891-92ರಲ್ಲಿ ಪುರಾತತ್ವಜ್ಞ ಪೆಟ್ರಿ ಅಗೆದಾಗ ಸಿಕ್ಕಿದ್ದು ಸಾವಿರಾರು ಸುಟ್ಟ ಮಣ್ಣಿನ ಅಚ್ಚುಗಳು. ನಾನೂ ಅದಕ್ಕೇ ಬಂದೆ. ಅಚ್ಚಿಗೆ ಒಳಗೆ ಏನು ಸವರುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಎರಡನೇ ಸಲ ಜುಲೈ ಮಳೆ. ಒಣಗೋಕೆ ನಾಲ್ಕು ದಿನ ಹಿಡಿಯಿತು. ಉಪ್ಪು ಮೇಲೆ ಬರಲೇ ಇಲ್ಲ, ಅಂಚಿನಲ್ಲಷ್ಟೇ ಬಿಳಿ ಗೆರೆ. ಮರುಭೂಮಿಯವರಿಗೆ ಈ ಗೋಳೇ ಇರಲಿಲ್ಲ, ಅಲ್ವಾ? ಮೂರನೇ ಸಲ ತಾಮ್ರ ಜಾಸ್ತಿ ಹಾಕಿದೆ, ಆರು ಪರ್ಸೆಂಟ್ ಇರಬೇಕು. ಎಲ್ಲ ಕಪ್ಪಾಗಿ, ಕರಗಿ, ಕಿಲ್ನ್ (ಸುಡೋ ಗೂಡು) ಶೆಲ್ಫಿಗೆ ಅಂಟಿತು. ಶೆಲ್ಫ್ ಒಂದಕ್ಕೇ ಸಾವಿರದ ಎಂಟುನೂರು. ಒಟ್ಟು ಆರೇಳು ಸಾವಿರ ಬೂದಿಯಾಯಿತು.

ಬೂದಿ ಅಂದಾಗ ನೆನಪಾಯಿತು. ಸೋಡಾ ಬದಲು ಬಾಳೆದಿಂಡಿನ ಬೂದಿ ತೊಳೆದ ಉಪ್ಪು ಹಾಕಿ ನೋಡಿದೆ. ಗಾಳಿಯ ತೇವ ಕುಡಿದು ಎಸಳು ರಾತ್ರೋರಾತ್ರಿ ಜೋನಿಬೆಲ್ಲದ ಹಾಗಾಯಿತು. ಕ್ವಾರ್ಟ್ಜ್ ಬದಲು ರಂಗೋಲಿ ಪುಡಿಯನ್ನೂ ಬಿಡಲಿಲ್ಲ. ನನಗೆ ಸಿಕ್ಕಿದ್ದು ಸುಣ್ಣದ ಕಲ್ಲಿನದು, ಎಸಳು ಪುಡಿಪುಡಿಯಾಯಿತು.

ಕೊನೆಗೆ ಗೆದ್ದದ್ದು ಟೇಬಲ್ ಫ್ಯಾನ್! ಕ್ವಾರ್ಟ್ಜ್ ಪುಡಿ ಎಂಬತ್ತೈದರಷ್ಟು, ಸೋಡಾ ಹತ್ತರ ಹತ್ತಿರ, ತಾಮ್ರ ಮೂರಕ್ಕಿಂತ ಕಡಿಮೆ, ಉಳಿದದ್ದು ಬೆಂಟೊನೈಟ್ ಅನ್ನೋ ಅಂಟು ಜೇಡಿ. ದಾರ ಪೋಣಿಸೋಕೆ ಎಸಳಿನ ಎರಡೂ ತುದಿಗೆ ಪುಟ್ಟ ಬಳೆಯನ್ನು ಹಸಿಯಲ್ಲೇ ಅಂಟಿಸಿ, ಜಾಲರಿ ಮೇಲಿಟ್ಟು ಗಾಳಿ ಹಾಕಿದೆ. ಕೆನೆಯಂತೆ ಉಪ್ಪು ಕಟ್ಟಿದ ಮೇಲೆ ಬೆರಳು ತಾಗಿಸಲಿಲ್ಲ. ತಾಗಿದ ಕಡೆ ಬೋಳು ಕಲೆ ಗ್ಯಾರಂಟಿ. ಬಳೆಯೊಳಗೆ ಹೀಟರ್ ಕಾಯಿಲ್ ತಂತಿ ತೂರಿಸಿ ನೇತುಹಾಕಿ ಸುಟ್ಟೆ, 920 ಡಿಗ್ರಿ ಸುಮಾರು. ತೆಗೆದಾಗ ನವಿಲುಗರಿ ನೀಲಿ.

ಹಳದಿ ಮಾತ್ರ ಬಿಟ್ಟಿದ್ದೇನೆ. ಈಜಿಪ್ಟಿನವರ ಹಳದಿ ಸೀಸ, ಆಂಟಿಮನಿಯದು, ಎರಡೂ ವಿಷ. ಮನೆಯಲ್ಲಿ ಮಗು ಇದೆ. ಕರೆಂಟ್ ಬಿಲ್ ಅಂದು ನಕ್ಕ ಗೆಳೆಯ ನಿನ್ನೆ ಹೆಂಡತಿಗೆ ಒಂದು ಸರ ಬೇಕು ಅಂದ. ನಾಲ್ಕು ಸಾವಿರ ಹೇಳಿದ್ದೇನೆ.